ಓಕ್ ಮರದ ಬುಡದ ಕಡ್ಡಿಗುಡ್ಡೆ: ವುಡ್‌ರ‍್ಯಾಟ್ ಗೂಡನ್ನು ಗುರುತಿಸುವ, ಉಳಿಸುವ, ಬೇಕಾದರೆ ಸರಿಸುವ ಕ್ರಮ

ಕ್ಯಾಲಿಫೋರ್ನಿಯಾದ ಲಾಸ್ ಗ್ಯಾಟೋಸ್, ಸಾರಟೋಗ, ಒರಿಂಡಾ ಕಡೆಯ ಗುಡ್ಡದ ಇಳಿಜಾರಿನಲ್ಲಿ ಮನೆ ಕೊಂಡವರು ಹಿತ್ತಿಲಿನ ಓಕ್ ಮರದಡಿ ಎದೆಮಟ್ಟದ ಕಡ್ಡಿರಾಶಿ ಕಂಡರೆ, ಹಿಂದಿನವರು ಕಸ ಗುಡ್ಡೆ ಹಾಕಿ ಹೋಗಿದ್ದಾರೆ ಅಂದುಕೊಳ್ಳುತ್ತಾರೆ. ಶನಿವಾರ ಕುಂಟೆ ಹಿಡಿದು ಎಳೆದು ಹಾಕುತ್ತಾರೆ. ಸ್ವಲ್ಪ ದಿನಕ್ಕೆ ಕಾರಿನ ಬಾನೆಟ್ ಕೆಳಗೆ ಕಡ್ಡಿ, ಎಲೆ, ಓಕ್ ಕಾಯಿ ಸಿಗುತ್ತವೆ. ಮನೆ ಕಳೆದುಕೊಂಡ ಪ್ರಾಣಿ ಹತ್ತಿರದಲ್ಲೇ ಇನ್ನೊಂದು ಕತ್ತಲೆ ಜಾಗ ಹುಡುಕಿಕೊಂಡಿರುತ್ತದೆ, ಅಷ್ಟೇ.

ಆ ರಾಶಿ ಕಸವಲ್ಲ, ಕಟ್ಟಿದ ಮನೆ. ಕಟ್ಟಿದ್ದು ವುಡ್‌ರ‍್ಯಾಟ್. ಅದೊಂದು ಬಗೆಯ ಇಲಿ. ಇಲಿ ಅಂದ ಕೂಡಲೇ ನಮ್ಮ ತಲೆಗೆ ಬರುವ ಅಟ್ಟದ ಇಲಿಯ ಉಪಾಯಗಳನ್ನೆಲ್ಲ ಇದರ ಮೇಲೆ ಪ್ರಯೋಗಿಸಿದರೆ ಅರ್ಧ ಕೆಲಸ ಮಾಡುವುದಿಲ್ಲ, ಉಳಿದರ್ಧ ಕಾನೂನಿನ ತೊಡಕಿಗೆ ಸಿಕ್ಕಿಸುತ್ತದೆ. ಯಾವ ಇಲಿ ಎಂದು ತಿಳಿಯುವ ತನಕ ಏನನ್ನೂ ಮುಟ್ಟಬೇಡಿ.

ಮೊದಲು ಹೆಸರು

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಬೇ ಏರಿಯಾದಲ್ಲಿ ನಿಮ್ಮ ಹಿತ್ತಿಲಿಗೆ ಬರುವುದು ಡಸ್ಕಿ ಫೂಟೆಡ್ ವುಡ್‌ರ‍್ಯಾಟ್. ಹಿಂಗಾಲಿನ ಪಾದದ ಮೇಲ್ಭಾಗದಲ್ಲಿ ಮಸಿ ಒರೆಸಿದಂಥ ಕಪ್ಪು ಛಾಯೆ ಇರುವುದರಿಂದ ಆ ಹೆಸರು. ವೈಜ್ಞಾನಿಕ ಹೆಸರು ನಿಯೋಟೋಮ ಫ್ಯೂಸಿಪಿಸ್. ಫ್ಯೂಸಿಪಿಸ್ ಅಂದರೂ ಲ್ಯಾಟಿನ್ನಿನಲ್ಲಿ ಮಬ್ಬುಗಪ್ಪು ಪಾದದ್ದು ಎಂದೇ. 1858ರಲ್ಲಿ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಸ್ಪೆನ್ಸರ್ ಬೇರ್ಡ್ ಈ ಹೆಸರು ಕೊಟ್ಟರು. ನಿಯೋಟೋಮ ಎಂಬ ಕುಲನಾಮ ಅದಕ್ಕೂ ಹಳೆಯದು, 1825ರದು. ಗ್ರೀಕಿನಲ್ಲಿ ‘ಹೊಸ ಕತ್ತರಿಸುವವ’ ಎಂಬ ಅರ್ಥ ಬರುತ್ತದೆ. ಕಡ್ಡಿಯ ತುದಿ ನೋಡಿದರೆ ಹೆಸರು ಇಟ್ಟವರು ತಪ್ಪಿಲ್ಲ ಅನ್ನಿಸುತ್ತದೆ. ಕತ್ತರಿ ಹಾಕಿದ ಹಾಗೆ ಓರೆಯಾಗಿ, ನುಣುಪಾಗಿ ತುಂಡಾಗಿರುತ್ತದೆ.

ಮಾಂಟರೆ ದಾಟಿ ದಕ್ಷಿಣಕ್ಕೆ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಕಡೆ ಇರುವುದು ಅದರ ಸೋದರ ಪ್ರಭೇದ, ನಿಯೋಟೋಮ ಮ್ಯಾಕ್ರೋಟಿಸ್. ದೊಡ್ಡ ಕಿವಿಯದು ಎಂದರ್ಥ. ಬಹುಕಾಲ ಎರಡನ್ನೂ ಒಂದೇ ಎಂದು ಎಣಿಸುತ್ತಿದ್ದರು. 2002ರಲ್ಲಿ ಜೀವಶಾಸ್ತ್ರಜ್ಞೆ ಮಾರ್ಜೊರಿ ಮಟಾಕ್ ವಂಶವಾಹಿ ಮತ್ತು ದೇಹರಚನೆ ಎರಡನ್ನೂ ಹೋಲಿಸಿ ಬೇರೆ ಬೇರೆ ಎಂದು ತೋರಿಸಿದರು. ಆದ್ದರಿಂದ ಅದಕ್ಕಿಂತ ಹಳೆಯ ಕೈಪಿಡಿಗಳಲ್ಲಿ ಸ್ಯಾನ್ ಡಿಯೇಗೊ ಇಲಿಯೂ ಫ್ಯೂಸಿಪಿಸ್ ಎಂದೇ ಇರುತ್ತದೆ. ಗಲಿಬಿಲಿ ಬೇಡ.

ಆಡುಮಾತಿನ ಹೆಸರುಗಳು ಇನ್ನೂ ಇವೆ. ಪ್ಯಾಕ್ ರ‍್ಯಾಟ್ ಅಂದರೆ ಕಂಡದ್ದನ್ನೆಲ್ಲ ಹೊತ್ತೊಯ್ಯುವ ಇಲಿ. ಟ್ರೇಡ್ ರ‍್ಯಾಟ್ ಅಂದರೆ ಬಾಯಲ್ಲಿದ್ದ ಕಡ್ಡಿ ಕೆಳಗಿಟ್ಟು ಹೊಳೆಯುವ ಚಮಚ ಎತ್ತಿಕೊಂಡು ಹೋಗುವ ವ್ಯಾಪಾರಿ ಇಲಿ. ಮೆಕ್ಸಿಕೊದ ಸ್ಪ್ಯಾನಿಷ್‌ನಲ್ಲಿ ರಾತ ಕಂಬಲಚೇರ, ಅದೂ ಅದಲುಬದಲು ಮಾಡುವವಳೇ. ಈ ಹೆಸರುಗಳು ಇಡೀ ಕುಲಕ್ಕೆ ಸಲ್ಲುತ್ತವೆ, ಒಂದು ಪ್ರಭೇದಕ್ಕಲ್ಲ. ಕುಲದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಅರಿಜೋನಾದ ಟೂಸಾನಿನಲ್ಲಿರುವವರು ಪ್ಯಾಕ್ ರ‍್ಯಾಟ್ ಅಂದರೆ ಕಳ್ಳಿಯ ಮುಳ್ಳುತುಂಡು ಪೇರಿಸಿ ಮನೆ ಕಟ್ಟುವ ಬಿಳಿಗಂಟಲಿನ ನಿಯೋಟೋಮ ಅಲ್ಬಿಗ್ಯುಲ. ರಾಕಿ ಪರ್ವತದವರಿಗೆ ಅದೇ ಮಾತು ಅಳಿಲಿನಂಥ ಪೊದೆಬಾಲದ ನಿಯೋಟೋಮ ಸಿನೆರಿಯ. ಸಲಹೆ ಓದುವಾಗ ಬರೆದವರು ಯಾವ ಊರಿನವರು ಎಂದು ನೋಡಿಕೊಳ್ಳಿ.

ಕನ್ನಡದಲ್ಲಿ ಏನೆನ್ನುವುದು? ಕಾಡಿಲಿ ಅನ್ನಬಹುದು, ಆದರೆ ನಮ್ಮ ಕಾಡಿನ ಇಲಿಗಳು ಮ್ಯೂರಿಡೆ ಕುಟುಂಬದವು; ಇದು ಕ್ರಿಸೆಟಿಡೆ, ಹ್ಯಾಮ್‌ಸ್ಟರಿಗೆ ಹತ್ತಿರ. ನಮ್ಮಲ್ಲೂ ಗೂಡು ಕಟ್ಟುವ ಕಾಡಿನ ಇಲಿ ಇದೆ. ಧಾರವಾಡ ಸೀಮೆಯಲ್ಲಿದ್ದ ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ 1839ರ ತಮ್ಮ ಸಸ್ತನಿಗಳ ಪಟ್ಟಿಯಲ್ಲಿ ಅದಕ್ಕೆ ‘ಗುಲಾಂಡಿ’ ಎಂಬ ಕನ್ನಡ ಹೆಸರು ದಾಖಲಿಸಿದ್ದಾರೆ. ಮುಳ್ಳುಪೊದೆಯಲ್ಲಿ ಒಣಹುಲ್ಲು ಹೆಣೆದು ಗೂಡು ಮಾಡುತ್ತದೆ. ಪ್ರಾಣಿಶಾಸ್ತ್ರದಲ್ಲಿ ಅದು ಗೊಲುಂಡ ಎಲಿಯೋಟಿ. ಕುಲದ ಹೆಸರನ್ನು ಬಾಯಿಬಿಟ್ಟು ಹೇಳಿ ನೋಡಿ, ಗುಲಾಂಡಿ ಕೇಳಿಸುತ್ತದೆ. ಆ ಹೆಸರನ್ನು ಅಮೆರಿಕದ ಇಲಿಗೆ ಎರವಲು ಕೊಡುವುದು ಸರಿಯಲ್ಲ. ಮಕ್ಕಳಿಗೆ ಹೇಳುವಾಗ ‘ಗೂಡಿಲಿ’ ಅನ್ನಿ. ಫೋನಿನಲ್ಲಿ ಕೌಂಟಿಯವರ, ಅಂದರೆ ಜಿಲ್ಲಾಡಳಿತದವರ, ಜತೆ ಮಾತಾಡುವಾಗ ಪೂರ್ತಿ ಇಂಗ್ಲಿಷ್ ಹೆಸರೇ ಹೇಳಿ. ಬರೀ ರ‍್ಯಾಟ್ ಅಂದರೆ ವಿಷದ ಪೆಟ್ಟಿಗೆ ಹಿಡಿದವರು ಬರುತ್ತಾರೆ.

ಹೆಸರಿಗೆ ಇಷ್ಟು ಒತ್ತು ಕೊಡಲು ಇನ್ನೊಂದು ಕಾರಣವಿದೆ. ಕೊಲ್ಲಿಯ ಸುತ್ತಲಿನ ಉಪಪ್ರಭೇದ ಅನೆಕ್ಟೆನ್ಸ್ ಮತ್ತು ಮಾಂಟರೆ ಕಡೆಯ ಲೂಸಿಯಾನ ಎರಡೂ ಕ್ಯಾಲಿಫೋರ್ನಿಯಾದ ವನ್ಯಜೀವಿ ಇಲಾಖೆಯ ‘ವಿಶೇಷ ಕಾಳಜಿಯ ಪ್ರಭೇದ’ ಪಟ್ಟಿಯಲ್ಲಿವೆ. ಸ್ಯಾನ್ ವಾಕೀನ್ ಕಣಿವೆಯ ನದಿದಂಡೆಯ ‘ರಿಪೇರಿಯ’ ಎಂಬ ಉಪಪ್ರಭೇದವಂತೂ 2000ದಿಂದ ಒಕ್ಕೂಟ ಸರ್ಕಾರದ ಅಳಿವಿನಂಚಿನ ಪಟ್ಟಿಯಲ್ಲೇ ಇದೆ. ಮನೆ ವಿಸ್ತರಿಸಲು ಪರವಾನಗಿ ಕೇಳಿದಾಗ ನಗರಸಭೆಯವರು ವುಡ್‌ರ‍್ಯಾಟ್ ಸಮೀಕ್ಷೆ ಕೇಳುವುದು ಈ ಪಟ್ಟಿಯ ಕಾರಣಕ್ಕೆ.

ಕಂಡ ಇಲಿ ಅದೇನಾ?

ಬಾಲ ನೋಡಿ. ಅಟ್ಟದ ಕಪ್ಪಿಲಿಯ ಬಾಲ ಮೈಗಿಂತ ಉದ್ದ, ಬೋಳು, ಹುರುಪೆ ಹುರುಪೆ. ಚರಂಡಿಯ ಕಂದಿಲಿಯದು ಮೈಗಿಂತ ಗಿಡ್ಡ, ಅದೂ ಬೋಳು. ವುಡ್‌ರ‍್ಯಾಟಿನ ಬಾಲಕ್ಕೆ ಸಣ್ಣ ಕೂದಲಿರುತ್ತದೆ. ಮೇಲೆ ಗಾಢ, ಕೆಳಗೆ ತಿಳಿ. ಹೊಟ್ಟೆ ಬಿಳಿ ಅಥವಾ ಕೆನೆಬಣ್ಣ. ಕಿವಿ ಅಗಲ, ಕಣ್ಣು ದೊಡ್ಡದು, ತುಪ್ಪಳ ಮೆತ್ತಗೆ. ಬೆಳೆದದ್ದು ಸುಮಾರು 200ರಿಂದ 300 ಗ್ರಾಂ ತೂಗುತ್ತದೆ, ಬಾಲ ಸೇರಿ 35ರಿಂದ 45 ಸೆಂಟಿಮೀಟರ್ ಉದ್ದ. ಟಾರ್ಚ್ ಬೆಳಕಿಗೆ ಸಿಕ್ಕಿದರೆ ತಕ್ಷಣ ಓಡದೆ ಒಂದು ಕ್ಷಣ ನಿಂತು ನೋಡುವ ಇಲಿ ಹೆಚ್ಚಾಗಿ ಇದೇ.

ಕಾಣುವ ಮೊದಲೇ ಕೇಳಿಸುವುದೂ ಉಂಟು. ಗಾಬರಿಯಾದರೆ ಬಾಲವನ್ನು ಒಣ ಎಲೆಗೆ ಬಡಿಯುತ್ತದೆ. ಬುಡುಬುಡು ಎಂಬ ಆ ಸದ್ದು ದೂರದಿಂದ ಗಿಲಕಿ ಹಾವಿನ (ರ‍್ಯಾಟಲ್ ಸ್ನೇಕ್) ಸದ್ದಿನ ಹಾಗೇ ಇರುತ್ತದೆ. ಇಲಿ ಇದ್ದಲ್ಲಿ ಗಿಲಕಿ ಹಾವು ಬರುವುದೂ ನಿಜವಾದ್ದರಿಂದ, ಸದ್ದು ಯಾರದ್ದು ಎಂದು ಪರೀಕ್ಷಿಸಲು ಹೋಗಬೇಡಿ. ಗೂಡಿನ ಬಾಯಿಗೆ ಕೈ ಹಾಕುವುದು ಯಾವ ಕಾಲಕ್ಕೂ ಇಲ್ಲ.

ಗೂಡನ್ನು ಓದುವುದು

ಗೂಡು ಸುಮ್ಮನೆ ಬಯಲಲ್ಲಿ ಶುರುವಾಗುವುದಿಲ್ಲ. ಬಿದ್ದ ದಿಮ್ಮಿ, ಬಂಡೆಯ ಸಂದು, ಕವಲೊಡೆದ ಓಕ್ ಬುಡ, ಪೊದೆಯ ಬೇರು, ಹೀಗೆ ಆಧಾರ ಒಂದು ಬೇಕು. ಅದರ ಮೇಲೆ ಬೆರಳು ದಪ್ಪದ ಕಡ್ಡಿಗಳನ್ನು ಶಂಕುವಿನಾಕಾರಕ್ಕೆ ಪೇರಿಸುತ್ತದೆ. ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮೀಟರ್ ಎತ್ತರ, ಬುಡದಲ್ಲಿ ಎರಡು ಮೀಟರಿನಷ್ಟು ಅಗಲ. ಆಳೆತ್ತರ ಮೀರಿದವೂ ಇವೆ. ಹೊಳೆಬದಿಯ ವಿಲೋ ಮರಗಳಲ್ಲಿ ನೆಲದಿಂದ ಮೇಲೆ, ಕವಲಿನಲ್ಲೂ ಕಟ್ಟುತ್ತದೆ. ಅದನ್ನು ಹಕ್ಕಿಗೂಡು ಅಂದುಕೊಳ್ಳುವುದು ಸಹಜ, ಆದರೆ ಹಕ್ಕಿಗೂಡು ಬಟ್ಟಲು, ಇದು ಗುಡ್ಡೆ.

ಹೊರಗಿನಿಂದ ಒರಟು ಕಂಡರೂ ಒಳಗೆ ಕೋಣೆಗಳಿವೆ. ಮಲಗುವ ಕೋಣೆಯಲ್ಲಿ ತೊಗಟೆಯ ನಾರು, ಹುಲ್ಲು ಸಿಗಿದು ಮಾಡಿದ ಮೆತ್ತನೆಯ ಉಂಡೆ, ಸುಲಿದ ತೆಂಗಿನಕಾಯಿಯಷ್ಟು ದೊಡ್ಡದು. ಉಗ್ರಾಣದಲ್ಲಿ ಓಕ್ ಕಾಯಿ, ಎಲೆ, ಟೋಯಾನ್ ಎಂಬ ಪೊದೆಯ ಹಣ್ಣು, ಅಣಬೆ. ಹಿಕ್ಕೆಗೆ ಬೇರೆ ಮೂಲೆ. ಬಾಗಿಲು ಒಂದಲ್ಲ, ನಾಲ್ಕಾರು. ಹೊರಗೆ 40 ಡಿಗ್ರಿ ಬಿಸಿಲಿದ್ದರೂ ಒಳಗೆ ತಂಪು; ಚಳಿಗಾಲದ ಮಳೆ ಮೇಲಿನ ಪದರದಲ್ಲೇ ಜಾರಿಹೋಗುತ್ತದೆ.

ಹತ್ತಿರದಿಂದ ನೋಡಬೇಕಾದದ್ದು ಬೇ ಎಲೆಯನ್ನು. ಕ್ಯಾಲಿಫೋರ್ನಿಯಾ ಬೇ ಮರ ನಮ್ಮ ಪಲಾವ್ ಎಲೆಯ ಕುಟುಂಬದ್ದೇ, ಘಾಟು ಮಾತ್ರ ಹಲವು ಪಟ್ಟು. ಕೈಯಲ್ಲಿ ಹಿಸುಕಿ ಮೂಸಿದರೆ ತಲೆ ಹಿಡಿಯುತ್ತದೆ. ವುಡ್‌ರ‍್ಯಾಟ್ ಆ ಎಲೆ ತಂದು ತಿನ್ನುವುದಿಲ್ಲ. ಅಂಚನ್ನು ಅಲ್ಲಲ್ಲಿ ಕಚ್ಚಿ ಗಾಯ ಮಾಡಿ, ಮಲಗುವ ಉಂಡೆಯ ಸುತ್ತ ಇಡುತ್ತದೆ. ವಾಸನೆ ಕಳೆದ ಮೇಲೆ ಹೊಸದು ತರುತ್ತದೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹರಿದ ಬೇ ಎಲೆಯ ಜತೆ ಇಟ್ಟ ಚಿಗಟದ ಮರಿಹುಳುಗಳು ಬಹುಪಾಲು ಸತ್ತವು. ಅಕ್ಕಿ ಡಬ್ಬಿಗೆ ಬೇವಿನ ಸೊಪ್ಪು ಹಾಕುವ ನಮ್ಮ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಗೂಡಿನ ಬಾಯಲ್ಲಿ ಅಂಚು ಕಚ್ಚಿದ, ಇನ್ನೂ ಹಸಿರಿರುವ ಬೇ ಎಲೆ ಬಿದ್ದಿದ್ದರೆ ಒಳಗೆ ವಾಸವಿದೆ ಎಂದು ಕಣ್ಣುಮುಚ್ಚಿ ಬರೆದುಕೊಳ್ಳಿ.

ಒಂದು ಗೂಡಿಗೆ ಬೆಳೆದ ಇಲಿ ಒಂದೇ. ಮರಿಗಳಿದ್ದಾಗ ಮಾತ್ರ ತಾಯಿ ಮಕ್ಕಳು. ರಾಶಿ ದೊಡ್ಡದಿದೆ, ಒಳಗೆ ಐವತ್ತು ಇಲಿ ಇರಬೇಕು ಎಂಬ ಭಯಕ್ಕೆ ಆಧಾರವಿಲ್ಲ. ದೊಡ್ಡ ರಾಶಿ ಅಂದರೆ ಹಳೆಯ ಮನೆತನ, ದೊಡ್ಡ ಸಂಸಾರವಲ್ಲ. ಹೆಣ್ಣುಮರಿಗಳು ತಾಯಿಯ ಅಕ್ಕಪಕ್ಕದಲ್ಲೇ ನೆಲೆಸುತ್ತವೆ, ತಾಯಿಯ ಮನೆ ಮಗಳಿಗೆ ಬರುವುದೂ ಉಂಟು. ಹೀಗೆ ಕೈ ಬದಲಾಗುತ್ತ ಒಂದೇ ಗೂಡು ದಶಕಗಳ ಕಾಲ ನಿಲ್ಲುತ್ತದೆ. ಬಾಡಿಗೆದಾರರೂ ಇರುತ್ತಾರೆ: ಪೆರೊಮಿಸ್ಕಸ್ ಕುಲದ ಚಿಕ್ಕ ಇಲಿ, ಸಾಲಮಾಂಡರ್, ಹಲ್ಲಿ, ನೂರೆಂಟು ಹುಳ. ಮರುಭೂಮಿಯ ಒಣ ಗುಹೆಗಳಲ್ಲಿ ಈ ಕುಲದ ಬೇರೆ ಪ್ರಭೇದಗಳ ಹಳೆ ರಾಶಿಗಳು ಹೆಪ್ಪುಗಟ್ಟಿದ ಮೂತ್ರದಲ್ಲಿ ಅಂಟಿಕೊಂಡು 40,000 ವರ್ಷಕ್ಕೂ ಮೀರಿ ಉಳಿದಿವೆ, ಅವುಗಳೊಳಗಿನ ಎಲೆ ಬೀಜ ನೋಡಿ ಹಿಮಯುಗದ ಕಾಡು ಹೇಗಿತ್ತೆಂದು ಹೇಳುತ್ತಾರೆ. ನಿಮ್ಮ ಹಿತ್ತಿಲಿನದು ಮಳೆಗೆ ಕೊಳೆಯುವಂಥದ್ದು, ಅಷ್ಟು ಬಾಳುವುದಿಲ್ಲ.

ವಾಸವಿದೆಯೋ, ಖಾಲಿಯೋ

ಹಗಲಿನಲ್ಲಿ ಹೋಗಿ. ಉದ್ದ ತೋಳು, ಉದ್ದ ಪ್ಯಾಂಟು, ಮುಚ್ಚಿದ ಬೂಟು. ಈ ಗೂಡುಗಳು ಪಾಯ್ಸನ್ ಓಕ್ ಪೊದೆಯ ಮಧ್ಯೆ ಇರುವುದೇ ಹೆಚ್ಚು. ಅದು ಗೇರು, ಮಾವಿನ ಕುಟುಂಬದ ಗಿಡ. ಮಲೆನಾಡಿನವರಿಗೆ ಗೇರಿನ ಸೊನೆ ಸುಟ್ಟ ಅನುಭವವಿದ್ದರೆ ಇದೂ ಅದೇ ಜಾತಿಯ ಉರಿ. ಮೂರು ಮೂರು ಎಲೆಯ ಗೊಂಚಲು. ಚಳಿಗಾಲದಲ್ಲಿ ಎಲೆ ಉದುರಿ ಬರೀ ಕಡ್ಡಿ ನಿಂತಿರುತ್ತದೆ, ಆಗಲೂ ಎಣ್ಣೆ ಇರುತ್ತದೆ. ಇಲಿ ಆ ಕಡ್ಡಿಯನ್ನೇ ಗೂಡಿಗೆ ಬಳಸಿರುತ್ತದೆ. ಮನೆಗೆ ಬಂದ ಕೂಡಲೇ ಸೋಪು, ತಣ್ಣೀರಿನಲ್ಲಿ ತೊಳೆದುಕೊಳ್ಳಿ.

ಗೂಡಿನಿಂದ ಒಂದು ಮೀಟರ್ ದೂರ ನಿಂತು ನಾಲ್ಕು ಸಂಗತಿ ಗಮನಿಸಿ: ಬಾಯಿಗೆ ಜೇಡರ ಬಲೆ ಕಟ್ಟಿದೆಯೇ, ದಾರಿ ಸವೆದು ಚೊಕ್ಕಟವಾಗಿದೆಯೇ, ಮೇಲೆ ಹೊಸದಾಗಿ ಕತ್ತರಿಸಿದ ಹಸಿರು ಇದೆಯೇ, ಹಿಕ್ಕೆ ಕಪ್ಪಗೆ ಹೊಳೆಯುತ್ತಿದೆಯೋ ಬೂದುಬಣ್ಣಕ್ಕೆ ತಿರುಗಿ ಪುಡಿಯಾಗುತ್ತಿದೆಯೋ. ಅನುಮಾನ ಉಳಿದರೆ ಪ್ರತಿ ಬಾಯಿಗೂ ಅಡ್ಡಲಾಗಿ ಎರಡು ಒಣ ಹುಲ್ಲುಕಡ್ಡಿ ಒರಗಿಸಿ ಬನ್ನಿ. ಮೂರು ಬೆಳಿಗ್ಗೆ ನೋಡಿ. ಒಂದು ಬಾಯಿಯ ಕಡ್ಡಿ ಬಿದ್ದರೂ ವಾಸವಿದೆ. ಮೂರೂ ದಿನ ಯಾವುದೂ ಅಲುಗದಿದ್ದರೆ ಈಗ ಯಾರೂ ಇಲ್ಲ, ಆದರೆ ಒಂದು ಇಲಿಗೆ ಎರಡು ಮೂರು ಮನೆ ಇರುವುದು ಮಾಮೂಲು. ಮುಂದಿನ ತಿಂಗಳು ಬರಬಹುದು.

ಕ್ಯಾಮೆರಾ ಇಟ್ಟರೆ ಇನ್ನೂ ಒಳ್ಳೆಯದು. ನೆಲದಿಂದ 30–40 ಸೆಂಟಿಮೀಟರ್ ಎತ್ತರದಲ್ಲಿ, ಗೂಡಿನಿಂದ ಒಂದೂವರೆ–ಎರಡು ಮೀಟರ್ ದೂರಕ್ಕೆ ಕಟ್ಟಿ. ತೀರ ಹತ್ತಿರ ಕಟ್ಟಿದರೆ ಇನ್‌ಫ್ರಾರೆಡ್ ಬೆಳಕಿಗೆ ಬಿಳಿ ಹೊಟ್ಟೆ ಸುಣ್ಣದುಂಡೆಯಾಗಿ ಕಾಣುತ್ತದೆ, ಬಾಲ ಗುರುತಿಸಲಾಗುವುದಿಲ್ಲ. ಬೆಳಕಿನ ಶಕ್ತಿ ಕಡಿಮೆಗೆ ಇಡಿ. ಮುಂದೆ ತೂಗಾಡುವ ಹುಲ್ಲಿದ್ದರೆ ಕೊಯ್ದು ಬಿಡಿ, ಇಲ್ಲದಿದ್ದರೆ ರಾತ್ರಿಯಿಡೀ ಹುಲ್ಲಿನ ಚಿತ್ರವೇ ಸಿಗುತ್ತದೆ.

ಬಿಡಬಹುದಾದರೆ ಬಿಡಿ

ಗೂಡು ಮನೆಗೋಡೆಯಿಂದ ಹತ್ತು ಮೀಟರ್ ಆಚೆ ಇದ್ದರೆ ಬಿಟ್ಟುಬಿಡುವುದೇ ಸರಿಯಾದ, ಅಗ್ಗದ ದಾರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅದು ಇರುವ ಜಾಗದಲ್ಲಿ ಗೂಬೆ, ಬಾಬ್‌ಕ್ಯಾಟ್, ಕಯೋಟಿ ಹೊಟ್ಟೆ ಹೊರೆಯುತ್ತವೆ. ಉತ್ತರದ ಕಾಡುಗಳಲ್ಲಿ ಚುಕ್ಕೆ ಗೂಬೆಯ ಮುಖ್ಯ ಆಹಾರವೇ ಈ ಇಲಿ. ಮರಿ ಹಾಕುವುದೂ ಅಟ್ಟದ ಇಲಿಯ ಲೆಕ್ಕದಲ್ಲಲ್ಲ: ಸಲಕ್ಕೆ ಎರಡೋ ಮೂರೋ, ಹಲವು ಕಡೆ ವರ್ಷಕ್ಕೆ ಒಂದೇ ಸೂಲು. ಬಿಟ್ಟರೆ ನೂರಾಗುತ್ತದೆ ಎಂಬ ಮಾತು ಇಲ್ಲಿ ಸಲ್ಲದು.

ಬಿಡುವುದೆಂದರೆ ಸುತ್ತ ಮೂರು ಮೀಟರ್ ಯಾರೂ ಕಾಲಿಡದ ಹಾಗೆ ನೋಡಿಕೊಳ್ಳುವುದು. ತೋಟದ ಕೆಲಸಕ್ಕೆ ಬರುವವರಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ನಾಲ್ಕು ಗೂಟ ನೆಟ್ಟು ಬಣ್ಣದ ಪಟ್ಟಿ ಕಟ್ಟಿ. ಗೂಡುಗಳು ಹಾಳಾಗುವುದು ಹೆಚ್ಚಾಗಿ ಬ್ರಷ್ ಕಟರ್ ಹಿಡಿದವರ ಅವಸರಕ್ಕೆ.

ಕಾಡುಬೆಂಕಿಯ ನಿಯಮ ಇಲ್ಲಿ ಅಡ್ಡ ಬರುತ್ತದೆ. ಬೆಂಕಿ ಅಪಾಯವಿರುವ ಗುಡ್ಡಗಳಲ್ಲಿ ಮನೆಯ ಸುತ್ತ 100 ಅಡಿ, ಅಂದರೆ 30 ಮೀಟರ್, ಒಣ ಪೊದೆ ತೆಗೆದಿಡಬೇಕೆಂದು ರಾಜ್ಯದ ಕಾನೂನು. ಕಡ್ಡಿಗುಡ್ಡೆ ಒಣ ಸೌದೆಯೇ ಸರಿ. ಆದರೆ ಗುಡ್ಡೆಯನ್ನು ಬಿಟ್ಟು ಅದರ ಸುತ್ತಲಿನ ಒಣಹುಲ್ಲು ಕೊಯ್ದು, ಮೇಲೆ ತೂಗುವ ಕೆಳಕೊಂಬೆಗಳನ್ನು ಸವರಿದರೆ ನೆಲದ ಬೆಂಕಿ ಗುಡ್ಡೆಗೂ, ಗುಡ್ಡೆಯ ಬೆಂಕಿ ಮರಕ್ಕೂ ಏರುವ ಏಣಿ ತಪ್ಪುತ್ತದೆ. ಅಗ್ನಿಶಾಮಕ ದಳದ ತಪಾಸಣೆಗೆ ಬಂದವರಿಗೆ ಇದು ವುಡ್‌ರ‍್ಯಾಟ್ ಗೂಡು ಎಂದು ಮೊದಲೇ ಹೇಳಿ, ಎಲ್ಲಿಯವರೆಗೆ ಬಿಡಬಹುದೆಂದು ಅವರಿಂದಲೇ ಕೇಳಿಕೊಳ್ಳಿ. ಗೋಡೆಗೆ ಅಂಟಿಕೊಂಡ ಗೂಡಿಗೆ ಈ ವಾದ ನಡೆಯುವುದಿಲ್ಲ.

ಮನೆ, ಶೆಡ್ಡು, ಕಾರು

ಇಲಿ ಒಳಗೆ ಬರದಂತೆ ಮಾಡುವುದು ತಂತಿಬಲೆ ಮತ್ತು ಕತ್ತರಿಯ ಕೆಲಸ. ಅರ್ಧ ಇಂಚಿಗಿಂತ ದೊಡ್ಡ ಸಂದು ಇದ್ದರೆ ಇಲಿ ತೂರುತ್ತದೆ. ಕಾಲು ಇಂಚು ಕಣ್ಣಿನ, ಗಟ್ಟಿ ಗೇಜಿನ ಗ್ಯಾಲ್ವನೈಸ್ಡ್ ಹಾರ್ಡ್‌ವೇರ್ ಕ್ಲಾತ್ ಎಂಬ ತಂತಿಬಲೆ ತನ್ನಿ. ಅದಾದರೆ ಸಣ್ಣ ಇಲಿಗಳಿಗೂ ತಡೆ. ನೆಲಮಹಡಿಯ ಗಾಳಿಕಿಂಡಿ, ಡೆಕ್ಕಿನ ಅಡಿ, ಪೈಪು ಒಳಹೋಗುವ ತೂತು, ಸೂರಿನ ಕೊನೆ, ಈಜುಕೊಳದ ಪಂಪಿನ ಪೆಟ್ಟಿಗೆ, ಎಲ್ಲಕ್ಕೂ ಹೊರಗಿನಿಂದ ಸ್ಕ್ರೂ ವಾಷರ್ ಹಾಕಿ ಬಿಗಿಯಿರಿ. ಬರೀ ಫೋಮ್ ತುಂಬಿದರೆ ಕಡಿದು ಹಾಕುತ್ತದೆ. ಫೋಮ್ ಹಾಕುವುದಾದರೆ ತಂತಿಬಲೆಯ ಹಿಂದೆ. ಚಾವಣಿಗೆ ತಾಗುವ ಕೊಂಬೆಗಳನ್ನು ಕನಿಷ್ಠ ಒಂದು ಮೀಟರ್ ಹಿಂದಕ್ಕೆ ಸವರಿ. ಈ ಇಲಿ ಮರ ಹತ್ತುವುದರಲ್ಲಿ ನಿಸ್ಸೀಮ. ಕೊನೆಯ ಸಂದು ಮುಚ್ಚುವ ಮೊದಲು ಒಳಗೆ ಯಾರೂ ಇಲ್ಲ ಎಂದು ಹುಲ್ಲುಕಡ್ಡಿ ಪರೀಕ್ಷೆ ಮಾಡಿ, ಇಲ್ಲದಿದ್ದರೆ ಗೋಡೆಯೊಳಗೆ ಸತ್ತು ನಾರುತ್ತದೆ.

ಕಾರಿನ ವಿಷಯದಲ್ಲಿ ಅಭ್ಯಾಸವೇ ಔಷಧ. ಗುಡ್ಡದ ಮನೆಯಲ್ಲಿ ಕಾರು ದಿನಗಟ್ಟಲೆ ನಿಂತರೆ, ಎರಡು ದಿನಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ. ಬ್ಯಾಟರಿ ಮೇಲೆ, ಏರ್ ಫಿಲ್ಟರ್ ಪೆಟ್ಟಿಗೆಯ ಪಕ್ಕ, ಎಂಜಿನ್ನಿನ ಕಣಿವೆಯಲ್ಲಿ ಎರಡೇ ಕಡ್ಡಿ ಕಂಡರೂ ತೆಗೆಯಿರಿ. ಒಂದೇ ರಾತ್ರಿಯಲ್ಲಿ ಬೊಗಸೆಗಟ್ಟಲೆ ತಂದಿಡಬಲ್ಲದು. ಎಲೆ ತುಂಬಿದ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಬಿಸಿಗೆ ಹೊತ್ತಿಕೊಳ್ಳುತ್ತದೆ, ಬೆಲ್ಟಿಗೆ ಸಿಕ್ಕಿದ ಪ್ರಾಣಿಯ ಗತಿ ಬೇರೆ. ಗ್ಯಾರೇಜಿದ್ದರೆ ಒಳಗೆ ನಿಲ್ಲಿಸಿ, ಬಾಗಿಲಿನ ಕೆಳರಬ್ಬರ್ ಸವೆದಿದ್ದರೆ ಬದಲಿಸಿ. ಹೊರಗೇ ನಿಲ್ಲಿಸುವವರು ರಾತ್ರಿ ಬಾನೆಟ್ ಎತ್ತಿಟ್ಟರೆ ಕತ್ತಲೆಯ ಸುಖ ತಪ್ಪುತ್ತದೆ, ಅದು ಬರುವುದು ಆ ಸುಖಕ್ಕೇ. ಶಬ್ದಾತೀತ ಯಂತ್ರ, ಪುದೀನ ಎಣ್ಣೆಗೆ ದುಡ್ಡು ಹಾಕಬೇಡಿ. ನಾಫ್ತಲೀನ್ ಗುಳಿಗೆಯನ್ನು ಹೊರಗೆ ಚೆಲ್ಲುವುದಕ್ಕೆ ಅದರ ಲೇಬಲ್ಲೇ ಒಪ್ಪುವುದಿಲ್ಲ.

ಒಳಗೆ ಬಂದುಬಿಟ್ಟಿದ್ದರೆ? ವಿಷ ಬೇಡ. ವುಡ್‌ರ‍್ಯಾಟ್ ಸಿಕ್ಕಿದ್ದನ್ನು ಅಲ್ಲೇ ತಿನ್ನುವುದಿಲ್ಲ, ಉಗ್ರಾಣಕ್ಕೆ ಒಯ್ಯುತ್ತದೆ. ಮೇಣದ ವಿಷದುಂಡೆ ಹತ್ತಿಟ್ಟರೆ ಹತ್ತೂ ಮಾಯ, ಇಲಿ ಸಾಯುವುದಿಲ್ಲ. ಉಂಡೆ ಗೂಡಿನಲ್ಲಿ ಕುಳಿತು ಬಾಡಿಗೆದಾರರನ್ನೂ ಅವರನ್ನು ತಿಂದ ಗೂಬೆಯನ್ನೂ ಕೊಲ್ಲುತ್ತದೆ. ಎರಡನೆ ತಲೆಮಾರಿನ ರಕ್ತ ಹೆಪ್ಪುರೋಧಕ ವಿಷಗಳ ಬಹುಪಾಲು ಬಳಕೆಯನ್ನು ಕ್ಯಾಲಿಫೋರ್ನಿಯಾ 2021ರ ಜನವರಿಯಿಂದ, ಡೈಫಾಸಿನೋನ್ ಎಂಬ ಇಲಿವಿಷವನ್ನು 2024ರಿಂದ ನಿರ್ಬಂಧಿಸಿರುವುದು ಇಂಥ ಸಾವುಗಳಿಂದಲೇ. ಜೀವಂತ ಹಿಡಿದು ಹತ್ತು ಮೈಲಿ ಆಚೆಯ ಪಾರ್ಕಿನಲ್ಲಿ ಬಿಡುವುದು ಪುಣ್ಯದ ಕೆಲಸದ ಹಾಗೆ ಕಾಣುತ್ತದೆ. ಅನುಮತಿಯಿಲ್ಲದೆ ಹಾಗೆ ಸಾಗಿಸುವುದು ಆ ರಾಜ್ಯದಲ್ಲಿ ಕಾನೂನುಬಾಹಿರ, ಮತ್ತು ಗೂಡಿಲ್ಲದ ಅಪರಿಚಿತ ಜಾಗದಲ್ಲಿ ಆ ಇಲಿ ಗೂಬೆಯ ಪಾಲು. ಅಟ್ಟದಲ್ಲಿದ್ದರೆ ಒಳಗೆ ಸೇರಿಸಿದ ಕಡ್ಡಿಯನ್ನು ದಿನಾ ತೆಗೆದು, ಬೆಳಕು ಹಾಕಿಟ್ಟು, ಹೊರಗೆ ಹೋದ ರಾತ್ರಿ ಸಂದು ಮುಚ್ಚುವುದು ಮೊದಲ ಪ್ರಯತ್ನ. ಹಾನಿ ಮುಂದುವರಿದರೆ ರಾಜ್ಯದ ವನ್ಯಜೀವಿ ಇಲಾಖೆಗೆ ಫೋನು ಮಾಡಿ ನಿಮ್ಮ ಕೌಂಟಿಯ ಉಪಪ್ರಭೇದಕ್ಕೆ ಯಾವ ನಿಯಮ ಎಂದು ಕೇಳಿ. ಬೋನಿಗೆ ಬೀಳಿಸುವುದು ಕಷ್ಟವೇನಲ್ಲ, ಹೊಸ ವಸ್ತುವಿಗೆ ಕಪ್ಪಿಲಿ ಹೆದರುತ್ತದೆ, ಇದು ಹೆದರುವುದಿಲ್ಲ. ಬಿದ್ದ ಮೇಲೆ ಏನು ಮಾಡುತ್ತೀರಿ ಎಂಬುದಕ್ಕೆ ಉತ್ತರ ಇಟ್ಟುಕೊಂಡು ಬೋನು ಇಡಿ.

ತೆಗೆಯಲೇಬೇಕಾದಾಗ

ಅಡಿಪಾಯ ಹಾಕುವ ಜಾಗದಲ್ಲೇ ಗೂಡಿದ್ದರೆ, ಇಲ್ಲವೇ ಗೋಡೆಗೆ ಒರಗಿದ್ದರೆ ಸರಿಸಬೇಕಾಗುತ್ತದೆ. ಕಟ್ಟಡ ಪರವಾನಗಿ ಇರುವ ಕೆಲಸವಾದರೆ ಅರ್ಹ ಜೀವಶಾಸ್ತ್ರಜ್ಞರು ಬಂದು ಮಾಡಬೇಕು, ಶರತ್ತಿನಲ್ಲೇ ಹಾಗೆ ಬರೆದಿರುತ್ತದೆ. ಅವರು ಮಾಡುವ ಕ್ರಮ ತಿಳಿದಿದ್ದರೆ ಅವಸರ ಮಾಡುವವರನ್ನು ನೀವು ತಡೆಯಬಹುದು.

ಕಾಲ ಮುಖ್ಯ. ಫೆಬ್ರವರಿಯಿಂದ ಸೆಪ್ಟೆಂಬರ್‌ವರೆಗೆ ಒಳಗೆ ಮರಿಗಳಿರಬಹುದು. ಅಕ್ಟೋಬರಿನಿಂದ ಜನವರಿ ಒಳ್ಳೆಯದು, ಅದರಲ್ಲೂ ಜೋರು ಮಳೆ ಹಿಡಿಯುವ ಮುಂಚೆ.

ಹಳೆ ಗೂಡು ಬಿಚ್ಚುವ ಮೊದಲೇ ಹೊಸದಕ್ಕೆ ನೆಲೆಗಟ್ಟು ಹಾಕಿಡಿ. ಕೆಲಸದ ಜಾಗದಿಂದ ಹೊರಗೆ, ಅದೇ ಬಗೆಯ ಓಕ್ ನೆರಳಿನಲ್ಲಿ, ಪೊದೆಯ ಆಸರೆಯಿರುವ ಕಡೆ, ತೋಳುದಪ್ಪದ ನಾಲ್ಕಾರು ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ, ಮಧ್ಯೆ ಮುಷ್ಟಿ ಹಿಡಿಯುವಷ್ಟು ಪೊಳ್ಳು ಬಿಡಿ. ಇನ್ನೊಂದು ಇಲಿಯ ಗೂಡಿನ ಪಕ್ಕದಲ್ಲೇ ಇಟ್ಟರೆ ಜಗಳ, ಹೊಸಬರಿಗೆ ಜಾಗ ಸಿಗದು.

ಬಿಚ್ಚುವುದು ಕೈಯಿಂದ, ಮೇಲಿನಿಂದ ಕೆಳಕ್ಕೆ, ಒಂದೊಂದು ಪದರ. ಯಂತ್ರ ಬೇಡ, ಕುಂಟೆಯೂ ಬೇಡ. ದಪ್ಪ ಚರ್ಮದ ಕೈಗವಸು, ಮುಖಕ್ಕೆ ಎನ್95. ನಾಲ್ಕು ಪದರ ತೆಗೆದು ನಿಲ್ಲಿಸಿ, ಹತ್ತು ನಿಮಿಷ ದೂರ ಹೋಗಿ. ಇಲಿಗೆ ಪೊದೆಯ ಕಡೆ ಓಡಲು ಅವಕಾಶ ಬೇಕು. ಓಡುವ ದಿಕ್ಕಿನಲ್ಲಿ ಜನ ನಿಂತಿದ್ದರೆ ಅದು ವಾಪಸು ಒಳಗೇ ನುಗ್ಗುತ್ತದೆ, ಎಲ್ಲರೂ ಒಂದೇ ಬದಿಗೆ ನಿಲ್ಲಿ. ನಾರಿನ ಉಂಡೆ ಕಂಡ ಕೂಡಲೇ ಕೈ ನಿಧಾನ ಮಾಡಿ. ಒಳಗೆ ಮರಿ ಕಂಡರೆ ತೆಗೆದ ಕಡ್ಡಿಯನ್ನು ಹಾಗೇ ಮೇಲೆ ಹೊದಿಸಿ, ಎರಡು ಮೂರು ವಾರ ಆ ಕಡೆ ಸುಳಿಯಬೇಡಿ. ತಾಯಿಯ ಮೊಲೆ ಕಚ್ಚಿಕೊಂಡೇ ಮರಿಗಳು ಜೋತು ಬರುವುದುಂಟು. ಅವನ್ನು ಬಿಡಿಸಲು ಹೋಗಬೇಡಿ.

ತೆಗೆದ ಕಡ್ಡಿ, ನಾರು, ಉಗ್ರಾಣದ ಕಾಯಿ ಎಲ್ಲವನ್ನೂ ಹೊಸ ನೆಲೆಗಟ್ಟಿನ ಮೇಲೆ ಸುರಿಯಿರಿ. ಅಲಂಕಾರ ಮಾಡಬೇಕಿಲ್ಲ, ಜೋಡಿಸುವುದು ಅದರ ಕೆಲಸ. ಕಡ್ಡಿಗೆ ಬೆಂಕಿ ಮಾತ್ರ ಹಚ್ಚಬೇಡಿ: ಒಳಗಿನ ಪಾಯ್ಸನ್ ಓಕಿನ ಹೊಗೆ ಶ್ವಾಸಕೋಶಕ್ಕೆ ಹೋದರೆ ಚರ್ಮದ ಉರಿಯೇ ವಾಸಿ ಅನ್ನಿಸುತ್ತದೆ.

ಗೂಡು ಕೆಡವಿದ ಮೇಲೆ ಅದರೊಳಗಿದ್ದ ಹುಳಗಳೂ ನಿರ್ಗತಿಕವಾಗುತ್ತವೆ ಎಂಬುದನ್ನು ಮರೆಯುವವರೇ ಹೆಚ್ಚು. ಚಿಗಟ, ಉಣುಗು, ಜತೆಗೆ ಟ್ರಯಾಟೋಮ ಪ್ರೋಟ್ರ್ಯಾಕ್ಟ ಎಂಬ ರಕ್ತ ಹೀರುವ ದೊಡ್ಡ ತಿಗಣೆ. ಕೋನ್‌ನೋಸ್ ಎಂದು ಕರೆಯುವ ಈ ತಿಗಣೆ ವುಡ್‌ರ‍್ಯಾಟ್ ಗೂಡಿನ ಕಾಯಂ ನಿವಾಸಿ. ಬೇಸಿಗೆಯ ರಾತ್ರಿ ದೀಪದ ಬೆಳಕಿಗೆ ಹಾರಿಬರುತ್ತದೆ. ಕಚ್ಚಿದರೆ ಕೆಲವರಿಗೆ ಜೀವಕ್ಕೇ ಎರವಾಗುವ ಅಲರ್ಜಿ ಆಗುತ್ತದೆ, ಅದರ ಹಿಕ್ಕೆಯಲ್ಲಿ ಚಾಗಾಸ್ ರೋಗದ ಪರೋಪಜೀವಿ ಇರಬಹುದು. ಗೂಡು ತೆಗೆಯುವ ವಾರ ಹೊರದೀಪಗಳನ್ನು ಆರಿಸಿಡಿ, ಕಿಟಕಿಯ ಜಾಲರಿ ಹರಿದಿದ್ದರೆ ಮೊದಲು ಹೊಲಿಸಿ, ನಾಯಿಯನ್ನು ಹೊರಗೆ ಮಲಗಿಸಬೇಡಿ. ಉಣುಗು ಹರಡುವ ಲೈಮ್ ರೋಗದ ಸೂಕ್ಷ್ಮಾಣುವೂ ಈ ಇಲಿಗಳಲ್ಲಿ ಉಳಿದುಕೊಂಡಿರುತ್ತದೆ, ಆದ್ದರಿಂದ ಸಂಜೆ ಮೈ, ಮಂಡಿಸಂದು, ಕಿವಿಯ ಹಿಂದೆ ಉಣುಗು ಇದೆಯೇ ಎಂದು ನೋಡಿಕೊಳ್ಳಿ. ಬಟ್ಟೆಯನ್ನು ಬಿಸಿ ಡ್ರೈಯರಿಗೆ ಹಾಕಿ.

ಶೆಡ್ಡು ಅಥವಾ ಅಟ್ಟದ ಹಿಕ್ಕೆಯನ್ನು ಗುಡಿಸಬೇಡಿ, ವ್ಯಾಕ್ಯೂಮ್ ಹಾಕಬೇಡಿ. ಹಂಟಾ ವೈರಸ್ ಮುಖ್ಯವಾಗಿ ಜಿಂಕೆಯಿಲಿಯದು (ಡೀರ್ ಮೌಸ್), ಆದರೆ ಹಿಕ್ಕೆ ಯಾವ ಇಲಿಯದೆಂದು ಕತ್ತಲೆಯಲ್ಲಿ ವಿಂಗಡಿಸಲು ಆಗುವುದಿಲ್ಲ, ಧೂಳೆದ್ದರೆ ಉಸಿರಿಗೆ ಹೋಗುತ್ತದೆ. ಬಾಗಿಲು ಕಿಟಕಿ ತೆರೆದು ಅರ್ಧ ಗಂಟೆ ಹೊರಗಿರಿ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಅವತ್ತೇ ಬೆರೆಸಿ, ತೋಯುವ ಹಾಗೆ ಸಿಂಪಡಿಸಿ, ಐದು ನಿಮಿಷ ಬಿಡಿ. ಕಾಗದದ ಟವೆಲಿನಿಂದ ಒತ್ತಿ ತೆಗೆದು ಎರಡು ಚೀಲದೊಳಗೆ ಕಟ್ಟಿ. ಕೈಗವಸು ಬಿಚ್ಚುವ ಮೊದಲು ಕೈಗವಸನ್ನೇ ತೊಳೆಯಿರಿ.

ಹೊಸ ಗುಡ್ಡೆಯನ್ನು ಹತ್ತು ದಿನ ಬಿಟ್ಟು ದೂರದಿಂದ ನೋಡಿ. ನೀವು ಸುರಿದ ಕಡ್ಡಿಯ ಮೇಲೆ ನೀವು ಇಡದ ಹಸಿರು ಎಲೆ ಇದ್ದರೆ ಮನೆ ತುಂಬಿದೆ. ಇಲ್ಲದಿದ್ದರೆ ಇಲಿ ತನ್ನ ಎರಡನೆಯ ಮನೆಗೆ ಹೋಗಿರುತ್ತದೆ. ಆ ಗುಡ್ಡೆಯನ್ನು ಮುಂದಿನ ಬೇಸಿಗೆಯವರೆಗೂ ಕೆದಕಬೇಡಿ, ತಾಯಿಯಿಂದ ಬೇರೆಯಾದ ಯಾವುದೋ ಮರಿ ಮನೆ ಹುಡುಕುತ್ತ ಬರುವುದು ಆಗಲೇ.